ಎಸರು ಚೆಲ್ಲಬೇಡ

(ನಾಗಮಂಗಲ ಸೀಮೆಯ ಒಂದು ಊರು. ಅವ್ವನ ವರ್ಷದ ತಿಥಿ ಮುಗಿದ ಮಾರನೆಯ ಬೆಳಗ್ಗೆ. ನೆಂಟರೆಲ್ಲ ಹೊರಟಾಗಿದೆ. ಅಕ್ಕ ಅಡುಗೆಮನೆ ಹೊಸ್ತಿಲ ಪಕ್ಕ ಕೂತು ಸೊಪ್ಪು ಸೋಸುತ್ತಿದ್ದಾಳೆ. ಬೆಂಗಳೂರಿನ ತಮ್ಮ ನೋಟ್‌ಬುಕ್ ಹಿಡಿದು ಎದುರಿಗೆ ಕೂತಿದ್ದಾನೆ.)

ತಮ್ಮ: ಅಕ್ಕ, ಇವತ್ತು ಉಪ್ಪೆಸ್ರು ಅಂದ್ಯಲ್ಲ, ಮೊದಲಿಂದ ಹೇಳು. ಬರ್ಕೋತೀನಿ.

ಅಕ್ಕ: ಬರ್ಕೊಳ್ಳೋಕೆ ಅದೇನು ಮೈಸೂರು ಪಾಕಾ? ಕಾಳು ಬೇಯಿಸು, ಸೊಪ್ಪು ಹಾಕು, ಉಪ್ಪು ಹಾಕು, ಬಸಿ. ಖಾರ ಅರಿ. ಆಯ್ತು. ಬರ್ಕೊಂಡ್ಯಾ?

ತಮ್ಮ: ಎಷ್ಟು ಕಾಳು, ಎಷ್ಟು ನೀರು? ಮಗಳು ಕೇಳಿದಾಳೆ ಕಣಕ್ಕ. ಮ್ಯೂನಿಕ್‌ನಲ್ಲಿ ಒಬ್ಬಳೇ ಇದಾಳೆ, ಕೊರೆಯೋ ಚಳಿ. ಮೊನ್ನೆ ಫೋನಲ್ಲಿ ‘ಅಪ್ಪ, ಅಜ್ಜಿ ಸಾರು ಹೆಂಗೆ ಮಾಡೋದು’ ಅಂತ ಕೇಳಿ ಅತ್ತೇಬಿಟ್ಲು. ನನಗೆ ಹೇಳೋಕೆ ಬರ್ಲಿಲ್ಲ. 58 ವರ್ಷ ಆಯ್ತು, ತಿಂದಿದ್ದೇ ತಿಂದಿದ್ದು. ಒಂದು ದಿನ ಮಾಡಿಲ್ಲ.

ಅಕ್ಕ: ಅದೊಂದು ಮಾತು ಸರಿಯಾಗಿ ಹೇಳ್ದೆ. ಕಾಳು ಡಬ್ಬದಲ್ಲಿ ಎಷ್ಟಿದೆಯೋ ಅಷ್ಟು. ಸೊಪ್ಪು ಹೊಲದಲ್ಲಿ ಎಷ್ಟು ಸಿಕ್ತೋ ಅಷ್ಟು. ನೀರು ಮನೇಲಿ ಎಷ್ಟು ಜನ ಇದಾರೋ ಅಷ್ಟು.

ತಮ್ಮ: ಹಂಗೇ ಬರೆದು ಕಳಿಸಿದ್ರೆ ಇನ್ನೊಂದು ಸಲ ಅಳ್ತಾಳೆ.

ಅಕ್ಕ: ಸರಿ ಬಿಡು, ಒಬ್ಬಳಿಗೆ ತಾನೆ. ಒಂದು ದೊಡ್ಡ ಹಿಡಿ ಅಲಸಂದೆ, ರಾತ್ರಿ ನೆನೆಹಾಕ್ಲಿ. ಒಂದು ಕಟ್ಟು ಸೊಪ್ಪು. ಮೂರು ಲೋಟ ನೀರು. ನೀರು ಒಂಚೂರು ಹೆಚ್ಚಾದ್ರೂ ಚಿಂತೆ ಇಲ್ಲ, ಕಮ್ಮಿ ಆಗ್ಬಾರ್ದು. ಪಲ್ಯ ಬೇಯ್ಲಿ ಅಂತ ನೀರಿಡ್ತಿಲ್ಲ ನಾವು, ಆ ನೀರಿಗೋಸ್ಕರವೇ ಕಾಳು ಹಾಕ್ತಿರೋದು. ಅದನ್ನ ಬರ್ಕೊ.

ತಮ್ಮ: ಕುಕ್ಕರ್‌ನಲ್ಲಿ ಮಾಡಬಹುದಾ?

ಅಕ್ಕ: ಅಲಸಂದೆಗೆ ಒಂದು ಕೂಗು ಸಾಕು. ಆಮೇಲೆ ಮುಚ್ಚಳ ತೆಗೆದು, ಸೊಪ್ಪು, ಉಪ್ಪು ಹಾಕಿ ಬರೀ ಕುದಿಸ್ಲಿ. ಎಲ್ಲಾ ಒಟ್ಟಿಗೆ ಹಾಕಿ ಕೂಗಿಸಿದ್ರೆ ಅಂಬಲಿ ಆಗುತ್ತೆ, ಬಸಿಯೋಕೆ ಏನೂ ಇರಲ್ಲ. ಕಾಳು ಕಾಳಾಗೇ ಇರಬೇಕು, ಬೆರಳಲ್ಲಿ ಒತ್ತಿದ್ರೆ ಮಾತ್ರ ನುಣ್ಣಗಾಗಬೇಕು.

ತಮ್ಮ: ಹೆಸರಲ್ಲೇ ಇಡೀ ಅಡುಗೆ ಇದೆ ನೋಡು. ಉಪ್ಪು, ಎಸರು, ಸೇರಿ ಉಪ್ಪೆಸರು. ಬಾಯಲ್ಲಿ ಸವೆದು ಉಪ್ಪೆಸ್ರು. ಬಸಿದ ಸಾರು ಬಸ್ಸಾರು.

ಅಕ್ಕ: ಇದನ್ನ ಕಂಡುಹಿಡಿಯೋಕೆ ಬಿ.ಎ. ಓದಬೇಕಾಯ್ತಾ? ಹಿಟ್ಟಿಗೆ ಎಸರಿಟ್ಟೆ ಅಂತ ದಿನಾ ಅಂತೀವಿ.

ತಮ್ಮ: ಬೆಂಗಳೂರಲ್ಲಿ ಹೋಟೆಲಿನೋರು ಎರಡನ್ನೂ ಒಂದೇ ಅಂತ ಬಡಿಸ್ತಾರೆ.

ಅಕ್ಕ: ಒಂದೇ ಹೆಂಗಾಗುತ್ತೆ? ಬಸ್ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ ಹುರ್ಕೊಂಡು, ಕಾಯಿ, ಹುಣಸೆಹಣ್ಣು ಸೇರಿಸ್ಕೊಂಡು, ಬೆಂದ ಕಾಳುಸೊಪ್ಪನ್ನೂ ಒಂದು ಸೌಟು ಹಾಕಿ ಅರೆದು, ಬಸಿದ ಕಟ್ಟಿಗೆ ಬೆರೆಸಿ ಮತ್ತೆ ಕುದಿಸ್ಬೇಕು. ಅದು ಕೈಲಿ ನಾಲ್ಕು ಕಾಸಿರೋರ ಸಾರು. ಉಪ್ಪೆಸ್ರಿಗೆ ಮತ್ತೆ ಒಲೆ ಹತ್ತಿಸೋ ಕೆಲಸವೇ ಇಲ್ಲ. ಬಸಿದ ನೀರೇ ಸಾರು. ಖಾರ ಬೇರೆ ಅರೆದು, ತಟ್ಟೆ ಅಂಚಿಗಿಟ್ಕೊಂಡು, ಬೇಕಾದಷ್ಟು ಕದಡ್ಕೊಂಡು ಉಣ್ಣೋದು.

ತಮ್ಮ: ಅದೇ ನನಗೆ ಬಲು ಇಷ್ಟ. ಒಂದೇ ಪಾತ್ರೆ, ಆರು ಜನಕ್ಕೆ ಆರು ಖಾರ. ಅಪ್ಪನ ತಟ್ಟೇಲಿ ನಿಂಬೆಹಣ್ಣಿನ ಗಾತ್ರ, ನನ್ನ ತಟ್ಟೇಲಿ ಕಡಲೆಕಾಳಿನ ಗಾತ್ರ. ಅವರವರ ಸಾರು ಅವರವರೇ ಮಾಡ್ಕೊಳ್ಳೋ ಸ್ವಾತಂತ್ರ್ಯ ಇರೋ ಅಡುಗೆ ಇದೊಂದೇ ಇರಬೇಕು.

ಅಕ್ಕ: ಸ್ವಾತಂತ್ರ್ಯವೂ ಇಲ್ಲ, ಮಣ್ಣೂ ಇಲ್ಲ. ಸಾರಿಗೇ ಖಾರ ಬೆರೆಸಿಬಿಟ್ರೆ ನೀರು ಸೇರಿಸಿದಾಗೆಲ್ಲ ಸಪ್ಪೆಯಾಗುತ್ತೆ. ಬೇರೆ ಇದ್ರೆ ಎಸರಿಗೆ ಎಷ್ಟು ನೀರು ಹುಯ್ದ್ರೂ ನಾಲಿಗೆಗೆ ತಿಳಿಯಲ್ಲ. ಹಿಟ್ಟು ತೊಳಸೋ ಹೊತ್ತಿಗೆ ನಾಲ್ಕು ಜನ ನೆಂಟರು ಬಂದು ಜಗಲಿ ಮೇಲೆ ಕೂತ್ಕೊಂಡ್ರೆ ಅವ್ವ ಏನು ಮಾಡ್ತಿದ್ಲು ಅನ್ಕೊಂಡಿದ್ದೀಯ?

ತಮ್ಮ: ಬಿಸಿನೀರು?

ಅಕ್ಕ: ಬಿಸಿನೀರು, ಒಂದು ಚಿಟಿಕೆ ಉಪ್ಪು. ಬಂದೋರು ‘ಏನವ್ವಾ ನಿನ್ನ ಕೈರುಚಿ’ ಅನ್ಕೊಂಡು ಇನ್ನೊಂದು ಸೌಟು ಹಾಕಿಸ್ಕೊಂಡು ಉಂಡು ಹೋಗೋರು.

ತಮ್ಮ: ಆದ್ರೂ ಮುದ್ದೆಗೆ ಅಷ್ಟು ತೆಳ್ಳಗಿರೋ ಸಾರೇ ಆಗಬೇಕು ಅಲ್ವಾ. ಮುದ್ದೆ ಅಗಿಯೋದಲ್ಲ, ನುಂಗೋದು. ಗಟ್ಟಿ ಹುಳಿಯಲ್ಲಿ ಅದ್ದಿದ್ರೆ ಗಂಟಲಲ್ಲೇ ನಿಲ್ಲುತ್ತೆ. ಎಸರಲ್ಲಿ ಅದ್ದಿದ ತುತ್ತು ಜಾರಿ ಹೋಗುತ್ತೆ. ನನಗೆ ಈ ತಟ್ಟೆ ನೋಡಿದಾಗೆಲ್ಲ ಅಪ್ಪನ ಹೊಲ ನೆನಪಾಗುತ್ತೆ. ರಾಗಿ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ. ಅಲ್ಲಲ್ಲಿ ಹುಚ್ಚೆಳ್ಳು, ಸಾಸಿವೆ. ತಟ್ಟೇಲೂ ಅಷ್ಟೆ. ನಡುವೆ ರಾಗಿ, ಪಕ್ಕದಲ್ಲಿ ಕಾಳು, ಒಗ್ಗರಣೇಲಿ ಸಾಸಿವೆ, ಹುಚ್ಚೆಳ್ಳೆಣ್ಣೆ. ಒಂದು ಹೊಲಾನೇ ಎತ್ತಿ ತಟ್ಟೆಗಿಟ್ಟಂಗೆ. ಕಾಳಿನ ಗಿಡದ ಬೇರು ಗಾಳಿಯಲ್ಲಿರೋ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ ಅಂತ ಕೃಷಿ ವಿಜ್ಞಾನಿಗಳು ಹೇಳ್ತಾರೆ. ಅಪ್ಪ ಅದನ್ನೆಲ್ಲ ಓದಿರಲಿಲ್ಲ, ಆದ್ರೂ ಹಂಗೇ ಬಿತ್ತಿದ್ದ.

ಅಕ್ಕ: ಅಪ್ಪ ಕೂರಿಗೆ ಹೊಡೆದ. ಕೂರಿಗೆ ಹಿಂದೆ ನಡ್ಕೊಂಡು ಅಕ್ಕಡಿ ಕಾಳು ಬಿಟ್ಟೋಳು ಅವ್ವ. ಯಾವ ಸಾಲಿಗೆ ಎಷ್ಟು ಅಲಸಂದೆ, ಎಷ್ಟು ಅವರೆ ಅಂತ ತೀರ್ಮಾನ ಮಾಡ್ತಿದ್ದೋಳೂ ಅವಳೇ. ಯಾಕಂದ್ರೆ ಬೇಯಿಸೋಳು ಅವಳಲ್ವಾ. ರಾಗಿ ಕುಯ್ಲು ಮುಗಿಯೋ ಹೊತ್ತಿಗೆ ಅವರೆ ಕಾಯಿ ಕಚ್ಚೋದು. ಮಂಜು ಬಿದ್ದಷ್ಟೂ ಸೊಗಡು. ಆ ಎರಡು ತಿಂಗಳು ಮಾತ್ರ ಉಪ್ಪೆಸ್ರಿಗೆ ರಾಜಯೋಗ. ಈಗ ಬೇಸಿಗೇಲೂ ಅವರೆಕಾಯಿ ಸಿಗೋ ತಳಿ ಬಂದಿದೆ, ತಿಂದ್ರೆ ಹಸಿ ಬಟಾಣಿ ತಿಂದಂಗಿರುತ್ತೆ.

ತಮ್ಮ: ನಾಲೆ ನೀರು ನಮ್ಮೂರಿಗೂ ಬಂದಿದ್ರೆ ನಾವೂ ಭತ್ತದೋರಾಗ್ತಿದ್ವು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರು. 30ರ ದಶಕದಲ್ಲಿ ನಾಲೆ ಹರಿದು ಮಂಡ್ಯ, ಮದ್ದೂರು ಕಡೆ ಭತ್ತ, ಕಬ್ಬು. 1933ಕ್ಕೆ ಮಂಡ್ಯದಲ್ಲಿ ಸಕ್ಕರೆ ಕಂಪನಿ. ನಾವು ಮಳೆ ನಂಬಿಕೊಂಡು ಮೇಲೇ ಉಳ್ಕೊಂಡ್ವು, ರಾಗಿ ಉಳೀತು, ಉಪ್ಪೆಸ್ರು ಉಳೀತು.

ಅಕ್ಕ: ನಾಲೆ ಕೆಳಗಿನೋರೂ ಉಪ್ಪೆಸ್ರು ಮಾಡ್ತಾರೆ, ನಿನ್ನೊಬ್ಬನದೇ ಅನ್ಕೋಬೇಡ. ಮದ್ದೂರು ಹತ್ರ ಚಿಕ್ಕವ್ವನ ಮನೆ ಇತ್ತಲ್ಲ, ಅಲ್ಲಿ ದಿನಾ ರಾತ್ರಿ ಅನ್ನ. ಬಿಳೀ ಅನ್ನ. ರಜಕ್ಕೆ ಅಂತ ಹೋದ್ರೆ ವಾಪಸ್ ಬರೋಕೆ ನಾನು ಅಳ್ತಿದ್ದೆ. ಇಲ್ಲಿ ಅನ್ನ ಅಂದ್ರೆ ಹಬ್ಬ, ಇಲ್ಲಾ ಯಾರಾದ್ರೂ ಹೆಣ್ಣು ನೋಡೋಕೆ ಬರಬೇಕು.

ತಮ್ಮ: ಅಷ್ಟು ಬಡತನ ಇತ್ತು ಅಂತ ನನಗೆ ಅನ್ನಿಸ್ತಾನೇ ಇರ್ಲಿಲ್ಲ.

ಅಕ್ಕ: ನೀನು ಹುಟ್ಟೋ ಹೊತ್ತಿಗೆ ಒಂಚೂರು ಸುಧಾರಿಸಿತ್ತು. 65ರ ಬರ ನೋಡಿದ್ದು ನಾನು. ನನಗೆ ಆಗ ಎಂಟು ವರ್ಷ. ಸೊಸೈಟೀಲಿ ಅಮೆರಿಕದ ಜೋಳ ಕೊಟ್ರು. ಅದರ ಹಿಟ್ಟಲ್ಲಿ ಮುದ್ದೆ ಕಟ್ಟಿದ್ರೆ ನಿಲ್ತಿರಲಿಲ್ಲ, ತಟ್ಟೆಗೆ ಹಾಕಿದ್ರೆ ಸಗಣಿ ಥರ ಹರಡ್ಕೊಳ್ಳೋದು. ಅಜ್ಜಿ ಬೈಕೊಂಡು ಬೈಕೊಂಡು ಉಂಡಳು. ಹುರುಳಿ ಉಪ್ಪೆಸ್ರು ಅಂದ್ರೆ ಬಾಯಿ ಚಪ್ಪರಿಸ್ತೀಯಲ್ಲ, ಅದು ಹೆಂಗೆ ಬಂತು ಗೊತ್ತಾ? ಉಳುಮೆ ಕಾಲದಲ್ಲಿ ದಿನಾ ಎತ್ತಿಗೆ ಅಂತ ಹುರುಳಿ ಬೇಯಿಸ್ತಿದ್ರು. ಬೆಂದ ಕಾಳು ಹೊರಗೆ ಕೊಟ್ಟಿಗೆಗೆ. ಬಸಿದ ಕಟ್ಟು ಒಳಕ್ಕೆ. ಎತ್ತಿಗೆ ಕಾಳು, ನಮಗೆ ನೀರು. ಎತ್ತು ಬಿದ್ರೆ ಹೊಲ ಬೀಳುತ್ತೆ, ನಾವು ಬಿದ್ರೆ ಎದ್ದೇಳ್ತೀವಿ ಅನ್ನೋನು ಅಜ್ಜ.

ತಮ್ಮ: ಆ ನೀರಲ್ಲೂ ಸತ್ವ ಇರುತ್ತೆ ಕಣಕ್ಕ. ನೀರಲ್ಲಿ ಕರಗೋ ಜೀವಸತ್ವ, ಲವಣ ಎಲ್ಲಾ ಬೇಯಿಸಿದ ನೀರಿಗೆ ಇಳಿಯುತ್ತೆ. ಈಗ ಜನ ತರಕಾರಿ ಬೇಯಿಸಿ ನೀರು ಚೆಲ್ತಾರೆ, ಆಮೇಲೆ ಮಾತ್ರೆ ನುಂಗ್ತಾರೆ. ಜೊತೆಗೆ ರಾಗಿ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕೀಲಿ ಹತ್ತರ ಆಸುಪಾಸು. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ನಮ್ಮ ಆಫೀಸಿನಲ್ಲೇ ಈ ಲೆಕ್ಕ ಹೇಳಿದ್ರು.

ಅಕ್ಕ: ಕಾಳಲ್ಲಿ ಇರೋದೆಲ್ಲ ನೀರಿಗೆ ಬಂದ್ಬಿಡುತ್ತಾ?

ತಮ್ಮ: ಎಲ್ಲಾ ಇಲ್ಲ. ಪ್ರೋಟೀನು ಬಹುಪಾಲು ಕಾಳಲ್ಲೇ ಉಳಿಯುತ್ತೆ.

ಅಕ್ಕ: ಅದಕ್ಕೇ ಕೇಳ್ದೆ. ಅವ್ವ ಹುಟ್ಟಿದಾಗಿಂದ ರಾಗಿ ತಿಂದಳು. ಸೊಂಟ ಮಾತ್ರ ಐವತ್ತಕ್ಕೇ ಬಗ್ಗಿತು.

ತಮ್ಮ: ಆದ್ರೆ ಪಲ್ಯ ಇರ್ತಿತ್ತಲ್ಲ. ಬಸಿದ ಕಾಳುಸೊಪ್ಪಿಗೆ ಒಗ್ಗರಣೆ ಹಾಕಿ ದಿನಾ ಪಲ್ಯ. ತಟ್ಟೇಲಿ ಯಾವಾಗ್ಲೂ ಇರ್ತಿತ್ತು.

ಅಕ್ಕ: ನಿನ್ನ ತಟ್ಟೇಲಿ.

ತಮ್ಮ: ಅಂದ್ರೆ?

ಅಕ್ಕ: ಅಂದ್ರೆ ಏನೂ ಇಲ್ಲ. ಆ ಬೆಳ್ಳುಳ್ಳಿ ಸಿಪ್ಪೆ ಬಿಡಿಸು, ಸುಮ್ನೆ ಕೂರಬೇಡ.

(ತಮ್ಮ ನೋಟ್‌ಬುಕ್ ಬದಿಗಿಟ್ಟು ಬೆಳ್ಳುಳ್ಳಿ ತೆಗೆದುಕೊಳ್ಳುತ್ತಾನೆ. ನಾಟಿ ಬೆಳ್ಳುಳ್ಳಿ, ಸಣ್ಣ ಸಣ್ಣ ಎಸಳು. ಎರಡು ಬಿಡಿಸುವುದರೊಳಗೆ ಉಗುರು ಉರಿಯುತ್ತದೆ.)

ತಮ್ಮ: ಹೇಳಕ್ಕ.

ಅಕ್ಕ: ಪಲ್ಯ ಮೊದಲು ಅಜ್ಜನಿಗೆ, ಅಪ್ಪನಿಗೆ. ಆಮೇಲೆ ಕೂಲಿಗೆ ಬಂದೋರಿಗೆ, ಅವರಿಗೆ ಕಮ್ಮಿ ಮಾಡಿದ್ರೆ ನಾಳೆ ಬರಲ್ಲ. ಆಮೇಲೆ ನೀನು. ಗಂಡುಹುಡುಗ, ಸ್ಕೂಲಿಗೆ ಹೋಗೋನು. ಆಮೇಲೆ ನನಗೂ ತಂಗಿಗೂ ಇಷ್ಟಿಷ್ಟು. ಅವ್ವ ಕೂರೋ ಹೊತ್ತಿಗೆ ಬಾಣಲೇಲಿ ನಾಲ್ಕು ಸಾಸಿವೆ, ಒಂದು ಕರಿಬೇವು ಅಂಟ್ಕೊಂಡಿರ್ತಿತ್ತು. ಬಿಸಿ ಮುದ್ದೆನ ಆ ಬಾಣಲೆಗೇ ಹಾಕಿ ಸುತ್ತ ಒರೆಸೋಳು. ಎಣ್ಣೆ ಮಿನುಗ್ತಿದ್ದ ಆ ಮುದ್ದೆನ ಎಸರಲ್ಲಿ ಅದ್ದಿ ನುಂಗೋಳು. ‘ಬಾಣಲೆ ಮುದ್ದೆ ರುಚಿ ಯಾವ ಪಲ್ಯಕ್ಕೂ ಇಲ್ಲ ಕಣೇ’ ಅನ್ನೋಳು. ನಾನು ನಂಬಿದ್ದೆ. ಒಂದಿನ ‘ಇವತ್ತು ಬಾಣಲೆ ಮುದ್ದೆ ನನಗೇ ಬೇಕು’ ಅಂತ ಹಟ ಮಾಡ್ದೆ. ಕೊಟ್ಲು. ತಿಂದೆ. ರುಚಿಯಾಗೇ ಇತ್ತು. ಅವತ್ತು ಅವ್ವ ಏನು ನಂಚ್ಕೊಂಡು ಉಂಡಳು ಅಂತ ನಾನು ತಿರುಗಿ ನೋಡ್ಲಿಲ್ಲ.

ತಮ್ಮ: ಬಾಣಲೆ ಮುದ್ದೆ ನಾನೂ ಕೇಳಿ ಇಸ್ಕೊಂಡು ತಿಂದಿದ್ದೀನಿ.

ಅಕ್ಕ: ಎಲ್ರೂ ತಿಂದಿದ್ದೀವಿ. ಬೆಳ್ಳುಳ್ಳಿ ಬಿಡಿಸು.

ತಮ್ಮ: ಹಂಗಾದ್ರೆ ನಾನು ಇಷ್ಟು ವರ್ಷ ನೆನೆಸ್ಕೊಂಡು ಸುಖಪಟ್ಟಿದ್ದೆಲ್ಲ ಸುಳ್ಳಾ? ಏಳನೇ ಕ್ಲಾಸಲ್ಲಿ ಜ್ವರ ಬಂದು ಹತ್ತು ದಿನ ಮಲಗಿದ್ದೆ, ನೆನಪಿದೆಯಾ? ಏನೂ ಸೇರ್ತಿರ್ಲಿಲ್ಲ. ಕತ್ತಲಾದ ಮೇಲೆ ಅವ್ವ ಹಿತ್ತಾಳೆ ಲೋಟದಲ್ಲಿ ಬಿಸಿ ಎಸರು ತಂದ್ಲು. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿದ್ಲು. ಗಂಟಲಲ್ಲಿ ಇಳಿದದ್ದು, ಎದೆ ಬೆಚ್ಚಗಾದದ್ದು, ಹಣೆ ಬೆವರಿದ್ದು, ಎಲ್ಲಾ ಈಗ್ಲೂ ನೆನಪಿದೆ. ಆಫೀಸಲ್ಲಿ ಏನಾದ್ರೂ ಕೆಟ್ಟ ದಿನ ಆದ್ರೆ ನನಗೆ ಆ ಲೋಟವೇ ಕಣ್ಮುಂದೆ ಬರುತ್ತೆ.

ಅಕ್ಕ: ಸುಳ್ಳು ಅಂತ ಯಾರಂದ್ರು? ಕುಡಿದೋನಿಗೆ ಎದೆ ಬೆಚ್ಚಗಾಗಿದ್ದೂ ನಿಜ, ಜಜ್ಜಿದೋಳಿಗೆ ಕೈ ಉರಿದಿದ್ದೂ ನಿಜ. ಅವತ್ತು ಮೆಣಸು ಜಜ್ಜಿದ್ದು ನಾನು. ಖಾರ ಅರೆಯೋ ಕೆಲಸ ಒಂಬತ್ತು ವರ್ಷಕ್ಕೆ ನನ್ನ ಕೈಗೆ ಬಂತು. ಮದುವೆ ಆಗೋವರೆಗೂ ಆ ಒರಳು ನನ್ನದೇ. ಆಮೇಲೆ ಇನ್ನೊಂದು ಮನೆ, ಇನ್ನೊಂದು ಒರಳು. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನಗೆ ಹುಷಾರಿಲ್ಲದಾಗ ಏನು ತಿನ್ನಬೇಕು ಅನ್ಸುತ್ತೆ ಅಂತ ಯಾವತ್ತಾದ್ರೂ ಕೇಳಿದ್ದೀಯ?

ತಮ್ಮ: ಉಪ್ಪೆಸ್ರು ಅಲ್ವಾ?

ಅಕ್ಕ: ಅಲ್ಲ.

ತಮ್ಮ: ಮತ್ತೆ?

ಅಕ್ಕ: ಅನ್ನ. ಹೂವಿನಂತೆ ಬಿಡಿ ಬಿಡಿ ಬಿಳೀ ಅನ್ನ. ತೊಗರಿಬೇಳೆ ತಿಳಿಸಾರು, ಮೇಲೊಂಚೂರು ತುಪ್ಪ. ಕೆಂಡದ ಮೇಲೆ ಸುಟ್ಟ ಹಪ್ಪಳ. ಚಿಕ್ಕವ್ವನ ಮನೇಲಿ ಮೊದಲ ಸಲ ಹಂಗೆ ಬಡಿಸಿದ್ರು. ಆವತ್ತಿಂದ ಅದೇ.

ತಮ್ಮ: ಅಲ್ಲಕ್ಕ, ನಾನು ಬಂದಾಗೆಲ್ಲ ಉಪ್ಪೆಸ್ರೇ ಮಾಡಿದ್ದೀಯ! ನಿನಗೆ ಇಷ್ಟ, ಅದಕ್ಕೇ ಮಾಡ್ತೀಯ ಅಂತ ನಾನು ಸುಮ್ನೆ ಉಣ್ತಿದ್ದೆ. ಒಂದೊಂದು ಸಲ ಬಿರಿಯಾನಿ ತಿನ್ನೋಣ ಅನ್ಸಿದ್ರೂ ಬಾಯಿ ಬಿಡ್ತಿರ್ಲಿಲ್ಲ.

ಅಕ್ಕ: (ನಗುತ್ತಾ) ನೀನು ಬರ್ತೀಯ ಅಂತಲೇ ಮಾಡ್ತಿದ್ದೆ ಕಣ್ಲಾ. ಬೆಂಗಳೂರಿಂದ ಯಾರೂ ಬರದೇ ಇದ್ರೆ ಈ ಮನೇಲಿ ತಿಂಗಳಿಗೊಂದು ಸಲವೂ ಬಸಿಯಲ್ಲ. ಹಂಗಂತ ಕೆಟ್ಟದಾಗಿ ಮಾಡೋಕೆ ನನಗೆ ಬರಲ್ಲ. ಕೈ ಒಪ್ಪಲ್ಲ. ಸೊಸೆ ಮಿಕ್ಸೀಲಿ ಖಾರ ರುಬ್ಬಿದ್ರೆ ಇವತ್ತಿಗೂ ನನಗೆ ಒಂದು ತುತ್ತು ಕಮ್ಮಿ ಇಳಿಯುತ್ತೆ. ಇಷ್ಟ ಬೇರೆ, ಇದು ಬೇರೆ.

ತಮ್ಮ: ಸರಿ, ಮಿಕ್ಸಿ ಅಂದ್ರೆ ನೆನಪಾಯ್ತು, ಖಾರ ಹೇಳು. ಅವಳ ಹತ್ರ ಇರೋದು ಸಣ್ಣ ಮಿಕ್ಸಿ.

ಅಕ್ಕ: ಒಣಮೆಣಸಿನಕಾಯಿ ಐದು, ಬೆಚ್ಚಗೆ ಹುರ್ಕೊಳ್ಳಲಿ, ಕಪ್ಪಾಗಬಾರದು. ಹಸಿಮೆಣಸಿನಕಾಯಿ ಆದ್ರೆ ಕಾಳಿನ ಜೊತೆಗೇ ಬೇಯಿಸ್ಕೊಂಡು ತೆಗೀಲಿ. ಬೆಳ್ಳುಳ್ಳಿ ಆರೇಳು ಎಸಳು, ಜೀರಿಗೆ ಅರ್ಧ ಚಮಚ, ಮೆಣಸು ಹತ್ತು ಕಾಳು, ಗೋಲಿ ಗಾತ್ರ ಹುಣಸೆಹಣ್ಣು, ಕಲ್ಲುಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಮಿಕ್ಸಿಯಾದ್ರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸ್ಲಿ, ನುಣ್ಣಗೆ ಮಾಡೋದು ಬೇಡ. ನೀರು ಬೇಕಾದ್ರೆ ಎಸರನ್ನೇ ಹಾಕ್ಲಿ, ನಲ್ಲಿ ನೀರು ಬೇಡ.

ತಮ್ಮ: ಮೆಣಸಿನಕಾಯಿ, ಮೆಣಸು ಎರಡೂ ಯಾಕೆ?

ಅಕ್ಕ: ಅಜ್ಜಿ ಹಾಕ್ತಿದ್ಲು, ಅವ್ವ ಹಾಕಿದ್ಲು.

ತಮ್ಮ: ಅದಕ್ಕೊಂದು ಕಾರಣ ಇರಬಹುದು. ಮೆಣಸಿನಕಾಯಿ ನಮ್ಮದಲ್ಲ ಕಣಕ್ಕ. ಅಮೆರಿಕ ಖಂಡದ್ದು. ಪೋರ್ಚುಗೀಸರು ಹಡಗಲ್ಲಿ ತಂದಿದ್ದು, ಐನೂರು ವರ್ಷದ ಈಚೆಗೆ. ಅದಕ್ಕೂ ಮೊದಲು ಇಲ್ಲಿ ಖಾರ ಅಂದ್ರೆ ಮೆಣಸೇ. ಹೊಸದು ಬಂದಾಗ ಹಳೇದರ ಹೆಸರನ್ನೇ ಅದಕ್ಕಿಟ್ರು, ಮೆಣಸಿನ ಕಾಯಿ ಅಂತ. ನಿನ್ನ ಒರಳಲ್ಲಿ ಎರಡೂ ಕಾಲ ಒಟ್ಟಿಗೆ ಅರೀತಿದೆ.

ಅಕ್ಕ: ಅಲಸಂದೆ?

ತಮ್ಮ: ಅದೂ ಆಫ್ರಿಕಾದ್ದು.

ಅಕ್ಕ: ರಾಗಿ?

ತಮ್ಮ: ಆಫ್ರಿಕಾದ್ದೇ. ಬಂದು ಸಾವಿರಾರು ವರ್ಷ ಆಯ್ತು ಅಷ್ಟೆ. ಅಪ್ಪ ಬಿತ್ತುತ್ತಿದ್ದ ಇಂಡಾಫ್ ರಾಗಿ ಇನ್ನೂ ಹತ್ತಿರದ ನೆಂಟ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಕರ ಮಾಡಿ ತೆಗೆದ ತಳಿ. ಹೆಸರಲ್ಲೇ ಇಂಡಿಯಾ ಅರ್ಧ, ಆಫ್ರಿಕಾ ಅರ್ಧ.

ಅಕ್ಕ: ಅಪ್ಪ ಇಂಡಾಫ್ ಇಂಡಾಫ್ ಅಂತಿದ್ದಾಗ ನಾನು ಯಾವುದೋ ಗೊಬ್ಬರ ಅನ್ಕೊಂಡಿದ್ದೆ. ಹಂಗಾದ್ರೆ ಈ ತಟ್ಟೇಲಿ ನಮ್ಮದು ಅಂತ ಏನೈತೆ?

ತಮ್ಮ: ಮೆಣಸು. ತೊಗರಿ. ಹುರುಳಿ.

ಅಕ್ಕ: ನೋಡಿದ್ಯಾ! ಎತ್ತಿಗೆ ಹಾಕ್ತಿದ್ದದ್ದು ಮಾತ್ರ ಅಪ್ಪಟ ನಮ್ಮದು.

(ಇಬ್ಬರೂ ನಗುತ್ತಾರೆ. ಅಕ್ಕ ಸೊಪ್ಪಿನ ಮೊರವನ್ನು ಅವನ ಕಡೆ ತಳ್ಳುತ್ತಾಳೆ.)

ಅಕ್ಕ: ಇದರಲ್ಲಿ ಏನೇನಿದೆ ಹೇಳು ನೋಡೋಣ.

ತಮ್ಮ: ಸೊಪ್ಪು.

ಅಕ್ಕ: ಯಾವ ಸೊಪ್ಪು?

ತಮ್ಮ: ಇದು... ದಂಟು?

ಅಕ್ಕ: ಕೀರೆ. ಇದು ಗಣಿಕೆ, ಹಣ್ಣು ತಿಂದಿಲ್ವಾ ಚಿಕ್ಕೋನಿದ್ದಾಗ? ಇದು ಅಣ್ಣೆ. ಇದು ಹೊನಗೊನೆ, ತೇವ ಇದ್ದ ಕಡೆ ಬರುತ್ತೆ, ಪಂಪ್‌ಸೆಟ್ ಹತ್ರ ಸಿಕ್ತು. ಎಲ್ಲಾ ಸೇರಿ ಬೆರಕೆ ಸೊಪ್ಪು. ಒಂದೇ ಸೊಪ್ಪಲ್ಲಿ ಮಾಡಿದ್ರೆ ಎಸರಿಗೆ ಒಂದೇ ರುಚಿ. ಬೆರಕೇಲಿ ಮಾಡಿದ್ರೆ ಒಂಚೂರು ಕಹಿ, ಒಂಚೂರು ಸಿಹಿ, ಒಂಚೂರು ಮಣ್ಣಿನ ವಾಸನೆ. ಒಂದು ದಿನದ್ದು ಇನ್ನೊಂದು ದಿನ ಇರಲ್ಲ. ಅವ್ವ ಕಳೆ ಕೀಳೋಕೆ ಹೋದ್ರೆ ಮಡಿಲು ತುಂಬ ತರೋಳು. ಎಷ್ಟು ಥರ ಗೊತ್ತಿತ್ತೋ ಅವಳಿಗೆ, ಎಣಿಸಿದೋರಿಲ್ಲ. ನನಗೆ ಹತ್ತೋ ಹನ್ನೆರಡೋ ಗೊತ್ತು. ಸೊಸೆಗೆ ನಾಲ್ಕು ಗೊತ್ತಿರಬಹುದು.

ತಮ್ಮ: ನನಗೆ ಒಂದೂ ಗೊತ್ತಿಲ್ಲ.

ಅಕ್ಕ: ನಿನ್ನದು ಬಿಡು. ಗೊತ್ತಿದ್ದೋರಿಗೂ ಈಗ ಸಿಗಲ್ಲ. ಎಲ್ರೂ ಕಳೆನಾಶಕ ಹೊಡೀತಾರೆ. ಹೊಡೆದ ಹೊಲದಲ್ಲಿ ಚಿಗುರಿದ್ರೂ ಕಿತ್ಕೊಳ್ಳೋಕೆ ಭಯ. ಇವತ್ತಿನ ಇಷ್ಟು ಸೊಪ್ಪಿಗೆ ನಾಲ್ಕು ಹೊಲ ಸುತ್ತಿದ್ದೀನಿ ಬೆಳಗ್ಗೆ ಎದ್ದು. ಬರ್ಕೊಳ್ಳೋದಾದ್ರೆ ಕಾಳು ಎಷ್ಟು, ಉಪ್ಪು ಎಷ್ಟು ಅಂತ ಬರ್ಕೋಬೇಡ, ಇದನ್ನ ಬರ್ಕೊ. ಬರೆದ್ರೂ ನಿನಗೆ ಗುರುತು ಸಿಗಲ್ಲ. ಕೊಡಿಲ್ಲಿ ನಿನ್ನ ಪುಸ್ತಕ.

(ಅಕ್ಕ ಒಂದೊಂದು ಕುಡಿ ಆರಿಸಿ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟು ಮುಚ್ಚಿ, ಮೇಲೆ ಗುಂಡುಕಲ್ಲು ಹೇರುತ್ತಾಳೆ.)

ತಮ್ಮ: ಬರೆದಿದ್ದೆಲ್ಲ ಹಸಿರಾಗುತ್ತೆ ಅಕ್ಕ.

ಅಕ್ಕ: ಆಗ್ಲಿ.

ತಮ್ಮ: ಅಲ್ಲಿ ಇದ್ಯಾವುದೂ ಸಿಗಲ್ಲ ಅವಳಿಗೆ. ಅಲಸಂದೆ ತುರ್ಕಿಯೋರ ಅಂಗಡೀಲಿ ಸಿಗುತ್ತಂತೆ, ರಾಗಿಹಿಟ್ಟು ಇಂಡಿಯನ್ ಅಂಗಡೀಲಿ. ಸೊಪ್ಪು ಅಂದ್ರೆ ಪಾಲಕ್ ಒಂದೇ.

ಅಕ್ಕ: ಪಾಲಕ್ಕೇ ಹಾಕ್ಲಿ. ಕೊನೇಲಿ ಹಾಕಿ ಎರಡು ಕುದಿಗೆ ಇಳಿಸ್ಲಿ, ಇಲ್ದಿದ್ರೆ ಕರಗಿ ಎಸರೆಲ್ಲ ಹಸಿರು ಬಣ್ಣ. ಮೂಲಂಗಿ ತಂದ್ರೆ ಅದರ ಸೊಪ್ಪು ಎಸೀಬಾರ್ದು ಅಂತ ಹೇಳು, ಅದನ್ನೂ ಸೇರಿಸ್ಲಿ. ಅವ್ವ ಅಲ್ಲಿಗೆ ಹೋಗಿದ್ರೂ ಅದನ್ನೇ ಮಾಡ್ತಿದ್ಲು. ಆ ಊರಲ್ಲಿ ಜನ ಏನನ್ನ ಎಸೀತಾರೆ ಅಂತ ಮೊದಲು ನೋಡ್ತಿದ್ಲು.

(ಸ್ವಲ್ಪ ಹೊತ್ತಿನ ನಂತರ. ಒಲೆಯ ಮೇಲೆ ಕಾಳುಸೊಪ್ಪು ಬೆಂದಿದೆ. ಅಕ್ಕ ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾಳೆ.)

ಅಕ್ಕ: ಏಳು, ನೀನೇ ಬಸಿ.

ತಮ್ಮ: ಜಾಲರಿ ಇಲ್ವಾ?

ಅಕ್ಕ: ಇದೆ. ಮಗಳಿಗೆ ಅದನ್ನೇ ಹೇಳು. ನೀನು ಮಾತ್ರ ತಟ್ಟೆ ಮುಚ್ಚಿ ಬಸಿ. ಎರಡೂ ಕೈಗೆ ಬಟ್ಟೆ ತಗೊ. ಹೆಬ್ಬೆರಳು ತಟ್ಟೆ ಮೇಲೆ, ಉಳಿದ ಬೆರಳು ಪಾತ್ರೆ ಕಂಠದ ಕೆಳಗೆ. ಮುಖ ಆ ಕಡೆ ತಿರುಗಿಸ್ಕೊ, ಆವಿ ಹೊಡೆಯುತ್ತೆ. ಒಂದೇ ಸಲ ಬಗ್ಗಿಸ್ಬೇಡ. ಒಂದು ಬೆರಳಿನಷ್ಟು ಸಂದಿ ಬಿಡು, ನೀರು ಬರಬೇಕು, ಕಾಳು ಬರಬಾರದು. ಹಂ... ನಿಧಾನ... ಕೈ ನಡುಗಿಸ್ಬೇಡ... ಎಸರು ಚೆಲ್ಲಬೇಡ ಕಣ್ಲಾ!

ತಮ್ಮ: ಅಯ್ಯೋ. ತಟ್ಟೆ ಜಾರ್ತು.

ಅಕ್ಕ: ಕೈ ಸುಡ್ತಾ?

ತಮ್ಮ: ಇಲ್ಲ. ಒಂದು ಲೋಟದಷ್ಟು ಹೋಯ್ತು. ನಾಲ್ಕು ಕಾಳೂ ಹೋಯ್ತು.

ಅಕ್ಕ: ಅವ್ವ ಇದ್ದಿದ್ರೆ ಆ ನಾಲ್ಕು ಕಾಳು ಎಣಿಸಿ ಎತ್ತೋಳು. ಪಕ್ಕದ ಒಲೇಲಿ ಬಿಸಿನೀರಿದೆ ನೋಡು. ಒಂದು ಲೋಟ ಹುಯ್ಯಿ. ಒಂದು ಚಿಟಿಕೆ ಉಪ್ಪು.

ತಮ್ಮ: ರುಚಿ ನೋಡ್ಲಾ?

ಅಕ್ಕ: ಖಾರ ಕದಡದೆ ಏನು ರುಚಿ ನೋಡ್ತೀಯ? ಕೂತ್ಕೊ, ಹಿಟ್ಟು ತೊಳಸಿ ಬರ್ತೀನಿ.

(ಅಕ್ಕ ಹಿಟ್ಟು ತೊಳಸುತ್ತಾಳೆ, ಕವೆಗೋಲು ಒತ್ತಿ ಹಿಡಿಯುವುದು ಮಾತ್ರ ತಮ್ಮನ ಪಾಲು. ಪಲ್ಯಕ್ಕೆ ಸಾಸಿವೆ ಸಿಡಿಯುತ್ತದೆ. ಎರಡು ತಟ್ಟೆ, ಎರಡು ಮುದ್ದೆ. ಅಕ್ಕನ ತಟ್ಟೆಯ ಖಾರ ನಿಂಬೆಹಣ್ಣಿನ ಗಾತ್ರ, ತಮ್ಮನದು ಈಗಲೂ ಕಡಲೆಕಾಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡುವುದಿಲ್ಲ.)

ತಮ್ಮ: ಆ ಬಾಣಲೆ ಇತ್ತ ಕೊಡು.

ಅಕ್ಕ: ಯಾಕೆ? ಅದರಲ್ಲಿ ಇನ್ನೂ ಅರ್ಧ ಪಲ್ಯ ಇದೆ. ಒರೆಸೋಕೆ ಏನಿದೆ ಅದರಲ್ಲಿ? ಸೌಟಲ್ಲಿ ಹಾಕ್ಕೊ.

ತಮ್ಮ: ನಿನಗೆ?

ಅಕ್ಕ: ನನ್ನ ತಟ್ಟೇಲಿ ಇದೆ. ಕಣ್ಣು ಕಾಣ್ಸಲ್ವಾ?

ತಮ್ಮ: ಅಕ್ಕ, ನಾನು ನಾಳೆ ಬಸ್ಸಿಗೆ ಹೋಗ್ತೀನಿ. ಇವತ್ತು ರಾತ್ರಿ ಅಡುಗೆ ನಾನು ಮಾಡ್ಲಾ? ಬಿಳೀ ಅನ್ನ, ತಿಳಿಸಾರು.

ಅಕ್ಕ: ಬರುತ್ತಾ ನಿನಗೆ?

ತಮ್ಮ: ಇಲ್ಲ. ಹೇಳು, ಬರ್ಕೋತೀನಿ.

ಅಕ್ಕ: ಪುಸ್ತಕದ ಮೇಲೆ ಕಲ್ಲಿದೆ. ಬಾಯಲ್ಲೇ ಕೇಳಿಸ್ಕೊ. ತೊಗರಿಬೇಳೆ ಡಬ್ಬದಲ್ಲಿ, ತುಪ್ಪ ಮೇಲಿನ ಗೂಡಲ್ಲಿ. ಹಪ್ಪಳ ಮಾತ್ರ ನಾನೇ ಸುಡ್ತೀನಿ, ನಿನ್ನ ಕೈಗೆ ಕೊಟ್ರೆ ಕರಿಕು ಮಾಡ್ತೀಯ.